ಹನ್ನೆರಡು ಸೂಜಿ, ಒಂದು ಚಿಟಿಕೆ ಉಪ್ಪು

ಕಿಟಕಿಯ ಹತ್ತಿರದ ಮುಕ್ಕಾಲಿಯ ಮೇಲೆ ಕೂತು ನಾನು ಸೂಜಿಗಳಿಗೆ ದಾರ ಪೋಣಿಸುತ್ತಿದ್ದೆ. ನಮ್ಮದು ಸೋಫಾ, ಕುರ್ಚಿಗಳಿಗೆ ಹೊಸ ಮೆತ್ತೆ, ಹೊಸ ಬಟ್ಟೆ ಹಾಕಿಕೊಡುವ ಅಂಗಡಿ. ಅದರ ಸೂಜಿ ಅಂಗಿ ಹೊಲಿಯುವ ಸೂಜಿಯಂತಲ್ಲ. ಎಳೆಯ ಚಂದ್ರನ ಹಾಗೆ ಬಾಗಿರುತ್ತದೆ. ದಾರ ದಪ್ಪ, ಅದಕ್ಕೆ ಮೇಣ ಬೇರೆ ಹಚ್ಚಿರುತ್ತದೆ. ತುದಿಯನ್ನು ಹಲ್ಲಿನಿಂದ ಕಚ್ಚಿ ಚಪ್ಪಟೆ ಮಾಡಿ, ಸೂಜಿಯ ಕಣ್ಣಿಗೆ ತೂರಿಸಿ, ಒಂದು ಮೊಳ ಎಳೆದು, ಹಳೆಯ ಕುಶನ್ನಿನ ಮೇಲೆ ಸಾಲಾಗಿ ಚುಚ್ಚಿದೆ. ಹನ್ನೆರಡಾದವು. ಒಂದು ದಿನದ ಕೆಲಸಕ್ಕೆ ಅಷ್ಟು ಸಾಕು.

ಅಕ್ಕ ಬಂದಳು. ಕುಶನ್ ನೋಡಿದಳು, ನನ್ನನ್ನು ನೋಡಲಿಲ್ಲ. ಮೊದಲ ಸೂಜಿ ಕಿತ್ತುಕೊಂಡು ಅರ್ಧ ಮುಗಿದ ಕುರ್ಚಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತಳು. ನಾನೂ ಏನೂ ಆಗಿಲ್ಲವೆಂಬಂತೆ ಇನ್ನೊಂದು ಕುರ್ಚಿಯ ಹಳೆ ಮೊಳೆ ಕೀಳಲು ಹೋದೆ.

ಹೀಗೆ ಎಂಟು ದಿನ ನಡೆದಿತ್ತು. ಅಕ್ಕನ ಕೈ ನಡುಗುತ್ತಿತ್ತು. ಅದು ಅವಳಿಗೆ ಗೊತ್ತು, ನನಗೂ ಗೊತ್ತು. ನನಗೆ ಗೊತ್ತಿರುವುದು ಅವಳಿಗೂ ಗೊತ್ತು. ಬಾಯಿ ಬಿಟ್ಟರೆ ಅರವತ್ತು ಕುರ್ಚಿ ಕೈತಪ್ಪುತ್ತವೆ ಎಂಬ ಭಯಕ್ಕೆ ಇಬ್ಬರೂ ಸುಮ್ಮನಿದ್ದೆವು.

ಅರವತ್ತು ಕುರ್ಚಿಯ ಕಥೆಗಿಂತ ಮುಂಚೆ ನಮ್ಮ ಮನೆಯ ಕಥೆ ಹೇಳಬೇಕು. ಅಂಗಡಿಯ ಹಿಂದೆಯೇ ಮನೆ. ಅಪ್ಪ ಕುರ್ಚಿಗಳ ಮರದ ಚೌಕಟ್ಟು ಸರಿಮಾಡುತ್ತಾರೆ, ಅಕ್ಕ ಮೆತ್ತೆ ಕೂರಿಸಿ ಹೊಲಿಯುತ್ತಾಳೆ, ನಾನು ಮೊಳೆ ಕೀಳುತ್ತೇನೆ, ಹತ್ತಿ ಬಿಡಿಸುತ್ತೇನೆ, ಗುಡಿಸುತ್ತೇನೆ. ಅಮ್ಮ ನಾನು ಚಿಕ್ಕವಳಿದ್ದಾಗಲೇ ಹೋದಳು. ನಮ್ಮನ್ನು ಸಾಕಿದ್ದು ಅಪ್ಪನ ಅಕ್ಕ, ನಮ್ಮ ಅತ್ತೆ. ಅತ್ತೆಯ ಒಂದು ಕೈಯಲ್ಲಿ ಜಪಸರ, ಇನ್ನೊಂದು ಕೈಯಲ್ಲಿ ಕಷಾಯದ ಸೌಟು. ಮೂರನೆಯ ಕೈ ಇದ್ದಿದ್ದರೆ ಅದರಲ್ಲಿ ನಮ್ಮ ಕಿವಿ ಇರುತ್ತಿತ್ತು.

ಏಳು ವರ್ಷದ ಹಿಂದೆ ಅಕ್ಕ ಮೊದಲ ಸಲ 'ಏರಿದಳು'. ಡಾಕ್ಟರಮ್ಮ ಅದಕ್ಕೆ ಬೈಪೋಲಾರ್ ಎಂದು ಹೆಸರು ಹೇಳಿದ್ದು ಆಮೇಲೆ. ಆಗ ನಮಗೆ ಕಂಡದ್ದು ಇಷ್ಟು: ಅಕ್ಕನಿಗೆ ನಿದ್ದೆ ಬೇಡವಾಯಿತು, ಮಾತು ನಿಲ್ಲದಾಯಿತು, ಎರಡೇ ದಿನದಲ್ಲಿ ಗಿರಾಕಿಗಳ ಹನ್ನೊಂದು ಸೋಫಾಗಳ ಹೊಟ್ಟೆ ಸೀಳಿ ಹತ್ತಿಯೆಲ್ಲ ಹೊರಗೆ ತೆಗೆದಳು. ಎಲ್ಲವನ್ನೂ ಹೊಸ ರೀತಿ ಕಟ್ಟುತ್ತೇನೆ, ಇನ್ನು ಮೇಲೆ ಈ ಭೂಮಿಯಲ್ಲಿ ಯಾರಿಗೂ ಬೆನ್ನುನೋವು ಬರಬಾರದು ಎಂದಳು. ಕೆಂಪು ಮಖಮಲ್ಲಿನ ಇಡೀ ಒಂದು ಸುರುಳಿಯನ್ನು ಬೀದಿಯಲ್ಲಿ ಹೋಗುವವರಿಗೆ ಹರಿದು ಹಂಚಿದಳು. ಈಗಲೂ ನಮ್ಮ ಬೀದಿಯ ಮೂರು ಮನೆಗಳಲ್ಲಿ ಕಾಲು ಒರೆಸಲು ಮಖಮಲ್ಲೇ ಇದೆ. ರಾಜರಿಗೂ ಅಂಥ ಭಾಗ್ಯವಿಲ್ಲ ಎಂದು ಅಪ್ಪ ಹೇಳುತ್ತಿರುತ್ತಾರೆ. ಅಕ್ಕ ಹಂಚಿದ ಆ ದಿನ ಮಾತ್ರ ಅವರು ನಗಲಿಲ್ಲ.

ಆಮೇಲೆ ಅಕ್ಕ 'ಇಳಿದಳು'. ಮೂರು ತಿಂಗಳು ಗೋಡೆಯ ಕಡೆ ಮುಖ. ಅವಳ ಜೊತೆ ಹಗಲೆಲ್ಲ ಒಬ್ಬರು ಇರಬೇಕಿತ್ತು. ನಾನು ಆಗ ಎಂಟನೇ ಕ್ಲಾಸು. "ಎರಡು ವಾರ ರಜೆ ಹಾಕು ಪುಟ್ಟಿ" ಎಂದರು ಅಪ್ಪ. ಆ ಎರಡು ವಾರ ಇನ್ನೂ ಮುಗಿದಿಲ್ಲ. ಇದನ್ನು ದೂರಿನಂತೆ ಹೇಳುತ್ತಿಲ್ಲ. ಕ್ಲಾಸಿನಲ್ಲಿ ಎದ್ದು ನಿಂತು ಉತ್ತರ ಹೇಳಬೇಕಾದಾಗಲೆಲ್ಲ ನನಗೆ ಹೊಟ್ಟೆನೋವು ಬರುತ್ತಿತ್ತು. ಮನೆಯಲ್ಲಿ ಯಾರೂ ನನ್ನನ್ನು ಏನೂ ಕೇಳುತ್ತಿರಲಿಲ್ಲ.

ನನ್ನ ಕೆಲಸ ನೋಡುವುದು. ಅಕ್ಕ ಎಷ್ಟು ಗಂಟೆಗೆ ಮಲಗಿದಳು, ಎಷ್ಟಕ್ಕೆ ಎದ್ದಳು, ಊಟ ಮಾಡಿದಳೇ, ಮಾತ್ರೆ ನುಂಗಿದಳೇ, ಎಷ್ಟು ಮಾತಾಡಿದಳು. ಡಾಕ್ಟರಮ್ಮ ಹೇಳಿದ ಹಾಗೆ ಒಂದು ನೋಟುಬುಕ್ಕಿನಲ್ಲಿ ಬರೆದಿಡುತ್ತೇನೆ. ಅಕ್ಕ ನನಗೆ 'ಕ್ಯಾಮೆರಾ' ಎಂದು ಹೆಸರಿಟ್ಟಿದ್ದಾಳೆ.

"ಏ ಕ್ಯಾಮೆರಾ, ಈಗ ನಾನು ಕೆಮ್ಮಿದೆ. ಬರ್ಕೊಂಡ್ಯಾ?"

"ಇಲ್ಲಕ್ಕ."

"ಬರ್ಕೊ. ಒಂದು ಸಲ, ಮಧ್ಯಮ ಗಾತ್ರದ ಕೆಮ್ಮು."

ಆ ಮೊದಲ ಸಲದ ನಂತರ ಇನ್ನೆರಡು ಸಲ ಏರಿ ಇಳಿದಳು. ಒಂದು ಸಲ, ಮೈಗೆ ಚೆನ್ನಾಗಿದೆ ಇನ್ನೇಕೆ ಎಂದು ತಾನೇ ಮಾತ್ರೆ ಬಿಟ್ಟದ್ದರಿಂದ. ಈಗ ಎರಡು ವರ್ಷದಿಂದ ಏರದೆ, ಇಳಿಯದೆ ನೆಲದ ಮೇಲೆ ಇದ್ದಾಳೆ. ಅದಕ್ಕೆ ಇಡೀ ಮನೆ ದುಡಿಯುತ್ತದೆ. ಒಂಬತ್ತೂವರೆಗೆ ದೀಪ ಆರಬೇಕು. ಅಕ್ಕನದಷ್ಟೇ ಅಲ್ಲ, ಎಲ್ಲರದೂ. ನಾಲ್ಕರ ಮೇಲೆ ಮನೆಯಲ್ಲಿ ಚಹಾ ಇಲ್ಲ. ಬೆಳಿಗ್ಗೆ ನಾಲ್ವರೂ ಸಾಲಾಗಿ ನೀರಿನ ಟ್ಯಾಂಕಿನವರೆಗೆ ನಡೆದು ಬರಬೇಕು. ಇದರಿಂದ ಅಪ್ಪನ ಹೊಟ್ಟೆ ಕರಗಿ ಪ್ಯಾಂಟು ಜಾರುವಂತಾಯಿತು, ಅತ್ತೆಯ ಮೊಣಕಾಲು ನೋವು ಹೋಯಿತು. "ಕಾಯಿಲೆ ನಂದು, ಲಾಭ ಎಲ್ಲ ನಿಮ್ದು" ಎನ್ನುತ್ತಾಳೆ ಅಕ್ಕ. ಮಲಗುವ ಮೊದಲು ಅತ್ತೆಯ ಜೊತೆ ಜಪಸರ ಒಂದು ಸುತ್ತು ತಿರುಗಿಸುತ್ತಾಳೆ. ಮೊದಮೊದಲು ಅತ್ತೆಯ ಬಾಯಿ ಮುಚ್ಚಿಸಲು ಮಾಡಿದಳು. ಈಗ ಅತ್ತೆ ಮರೆತರೂ ಅವಳೇ ನೆನಪಿಸುತ್ತಾಳೆ. ಮಣಿಯೊಂದಕ್ಕೆ ಒಂದು ಉಸಿರು. ಸುತ್ತು ಮುಗಿಯುವಷ್ಟರಲ್ಲಿ ಅವಳ ಭುಜ ಕೆಳಗಿಳಿದಿರುತ್ತದೆ. ಅದನ್ನೂ ನಾನು ನೋಡಿದ್ದೇನೆ.

ಅತ್ತೆಗೆ ಮಾತ್ರ ಮಾತ್ರೆ ಕಂಡರೆ ಮುಖ ಹುಳಿ. "ಎಷ್ಟು ದಿನ ಅಂತ ಆ ಬಿಳಿ ಗುಂಡು ನುಂಗ್ತೀಯಮ್ಮಾ? ದೇವರಿದಾನೆ, ಬೇರು ನಾರು ಇದೆ, ನಾನಿದೀನಿ."

ಅಕ್ಕ ಸೋಫಾದ ತಳದಲ್ಲಿ ಅಡ್ಡಡ್ಡ ಬಿಗಿದ ದಪ್ಪ ಬಟ್ಟೆಯ ಪಟ್ಟಿ ತೋರಿಸುತ್ತಾಳೆ. "ಅತ್ತೆ, ಕೆಳಗೆ ಈ ಪಟ್ಟಿ ಇಲ್ದೆ ಬರೀ ಸ್ಪ್ರಿಂಗು, ಹತ್ತಿ, ಚಂದದ ಬಟ್ಟೆ ಹಾಕಿಕೊಟ್ರೆ ನೀವು ಕೂರ್ತೀರಾ?"

"ನಾನ್ಯಾಕೆ ಕೂರಲಿ?"

"ಕೂತ್ರೆ?"

"ಸೊಂಟ ಮುರಿಯುತ್ತೆ."

"ಅದೇ. ಪಟ್ಟಿ ಕಾಣಲ್ಲ, ಚಂದಾನೂ ಇಲ್ಲ. ನನ್ನ ಮಾತ್ರೆ ಅದು. ನಿಮ್ಮ ಜಪ ಸ್ಪ್ರಿಂಗು ಅಂದ್ಕೊಳ್ಳಿ. ಬೇಜಾರಿಲ್ವಲ್ಲ?"

ಅತ್ತೆಗೆ ಬೇಜಾರಾಗಲಿಲ್ಲ. ದೇವರಿಗೆ ಸ್ಪ್ರಿಂಗಿನ ಸ್ಥಾನವಾದರೂ ಸಿಕ್ಕಿತಲ್ಲ ಎಂದು ಹೋದರು.

ಅಕ್ಕನ ಇನ್ನೊಂದು ಅಭ್ಯಾಸ ಹೇಳಬೇಕು. ಬಟ್ಟೆ ಬಿಗಿಯುವಾಗ ಸಣ್ಣ ಮೊಳೆಗಳನ್ನು ಹಿಡಿಗಟ್ಟಲೆ ಬಾಯಿಗೆ ಹಾಕಿಕೊಂಡು ಒಂದೊಂದೇ ತುಟಿಗೆ ತಂದು ಅಯಸ್ಕಾಂತದ ಸುತ್ತಿಗೆಯ ತುದಿಗೆ ಅಂಟಿಸಿ ಹೊಡೆಯುತ್ತಾಳೆ. ಈ ಕೆಲಸದವರೆಲ್ಲ ಮಾಡುವುದೇ ಅದು. ಆದರೆ ಅಕ್ಕ ತನಗೆ ಬೇಡದ ಪ್ರಶ್ನೆ ಬಂದಾಗಲೂ ಮೊಳೆ ಬಾಯಿಗೆ ಹಾಕಿಕೊಳ್ಳುತ್ತಾಳೆ. ಗಿರಾಕಿ "ಇನ್ನೂ ಮದುವೆ ಆಗಿಲ್ವೇನಮ್ಮಾ?" ಎಂದರೆ ಸಾಕು, ಬಾಯಿ ತುಂಬ ಮೊಳೆ.

ಈಗ ಅರವತ್ತು ಕುರ್ಚಿ. ಬಸ್ಸಿನಲ್ಲಿ ಐದು ಗಂಟೆ ದೂರದ ಊರಿನಲ್ಲಿ ಒಂದು ಹಳೆಯ ಸಭಾಂಗಣವಿದೆ. ಅದರ ಕುರ್ಚಿಗಳಿಗೆಲ್ಲ ಅಲ್ಲೇ ಕೂತು, ಕೈಹೊಲಿಗೆಯಲ್ಲಿ, ಹೊಸ ಮೆತ್ತೆ ಹಾಕಿಕೊಡಬೇಕು. ಹತ್ತು ದಿನದ ಕೆಲಸ. ಅದರ ಮ್ಯಾನೇಜರು ನಮ್ಮ ಅಂಗಡಿಗೆ ಬಂದು ಅಕ್ಕನ ಹೊಲಿಗೆಯ ಮೇಲೆ ಬೆರಳು ಆಡಿಸಿ, "ಇದೇ ಕೈ ಬೇಕು" ಎಂದು ಹೇಳಿ ಹೋದರು. ಅಕ್ಕ ಅಂದು ಊಟ ಮಾಡುವಾಗ ತನ್ನ ಬಲಗೈಯನ್ನೇ ನಾಲ್ಕು ಸಲ ನೋಡಿಕೊಂಡಳು. ಏಳು ವರ್ಷದಲ್ಲಿ ಅವಳು ಒಂದು ರಾತ್ರಿಯೂ ಮನೆಯಿಂದ ಹೊರಗೆ ಮಲಗಿದವಳಲ್ಲ.

"ಒಬ್ಬಳೇ ಹತ್ತು ದಿನ?" ಎಂದರು ಅತ್ತೆ.

"ಒಬ್ಬಳೇ ಎಲ್ಲಿ? ಅರವತ್ತು ಕುರ್ಚಿ ಇರ್ತಾವೆ."

ಅಪ್ಪ ಉಳಿಯನ್ನು ಒರೆಸುತ್ತ ಒಂದೇ ಮಾತು ಹೇಳಿದರು: "ಡಾಕ್ಟರಮ್ಮ ಹೂಂ ಅಂದ್ರೆ ನಂದೂ ಹೂಂ."

ಡಾಕ್ಟರಮ್ಮನನ್ನು ಫೋನಿನಲ್ಲಿ ಕೇಳಿದ್ದಕ್ಕೆ, ಮುಂದಿನ ಭೇಟಿಗೆ ನೋಟುಬುಕ್ ತನ್ನಿ, ನಿದ್ದೆ ಸರಿ ಇದ್ದರೆ ಯಾಕೆ ಬೇಡ ಎನ್ನಲಿ ಎಂದರಂತೆ. ಅಂದು ಅಕ್ಕ ನನ್ನ ನೋಟುಬುಕ್ಕಿಗೆ ಕೆಂಪು ಮಖಮಲ್ಲಿನ ಹೊದಿಕೆ ಹಾಕಿಕೊಟ್ಟಳು. "ಲಂಚ" ಎಂದಳು. "ನನ್ನ ಬಸ್ ಟಿಕೆಟ್ಟು ನಿನ್ನ ಪೆನ್ನಲ್ಲಿದೆ ಕಣೇ."

ತೊಂದರೆ ಶುರುವಾದದ್ದು ಅತ್ತೆಯ ಪ್ರೀತಿಯಿಂದ. ಅಕ್ಕ ದೂರ ಹೋಗುತ್ತಾಳೆ, ಹೋಗುವ ಮೊದಲು ಅವಳ ಮನಸ್ಸನ್ನು ಬಂಡೆಯಂತೆ ಗಟ್ಟಿ ಮಾಡಿ ಕಳಿಸಬೇಕು ಎಂದು ಅತ್ತೆ ಹಟ ತೊಟ್ಟರು. ಅತ್ತೆಯ ಪ್ರಾರ್ಥನಾ ಮಂದಿರದಲ್ಲಿ ಒಬ್ಬ ಹೆಂಗಸಿದ್ದಾರೆ, ಕೇಳಿದವರಿಗೂ ಕೇಳದವರಿಗೂ ಔಷಧಿ ಹೇಳುವವರು. ಅವರು ಎರಡು ಉಪಾಯ ಹೇಳಿದರು. ಒಂದು, ಉಪ್ಪು ಬಿಡಿಸಬೇಕು. ಉಪ್ಪು ಮನಸ್ಸನ್ನು ಕೆರಳಿಸುತ್ತದೆ. ಎರಡು, ಯಾವುದೋ ಬೇರು, ಯಾವುದೋ ಬೀಜ ಸೇರಿಸಿ ಕುದಿಸಿದ ಕಷಾಯ ದಿನಕ್ಕೆ ನಾಲ್ಕು ಲೋಟ. ಮೈಯ ಕೊಳೆಯೆಲ್ಲ ನೀರಾಗಿ ಹೋಗುತ್ತದೆ.

ಅಕ್ಕ ಒಪ್ಪಿದಳು. ಮಾತ್ರೆ ಬಿಡು ಎಂದಿದ್ದರೆ ಒಪ್ಪುತ್ತಿರಲಿಲ್ಲ. ಉಪ್ಪು ತಾನೇ, ಬೇರಿನ ನೀರು ತಾನೇ? ಅತ್ತೆಗೆ ಸಮಾಧಾನವಾದರೆ ಆಗಲಿ, ಹೋಗುವಾಗ ಅಡ್ಡ ನಿಲ್ಲದಿದ್ದರೆ ಸಾಕು. ಹೀಗೆ ಇಪ್ಪತ್ತು ದಿನ ನಮ್ಮ ಮನೆಯಲ್ಲಿ ಉಪ್ಪಿನ ಡಬ್ಬಿ ಮೇಲಿನ ಕಪಾಟು ಸೇರಿತು. ಒಬ್ಬಳಿಗೆ ಪಥ್ಯವಾದರೆ ಎಲ್ಲರಿಗೂ ಪಥ್ಯ, ಅದು ನಮ್ಮ ಮನೆಯ ಕಾನೂನು. ಅಪ್ಪ ಬೇಯಿಸಿದ ತರಕಾರಿಯನ್ನು ಬಾಯಿಗಿಟ್ಟು, "ಮರದ ಪುಡಿಗೆ ಇದಕ್ಕಿಂತ ರುಚಿ ಇರುತ್ತೆ. ನಾನು ತಿಂದು ನೋಡಿದೀನಿ" ಎಂದರು. ಮಾರನೇ ದಿನ ಅವರ ಸಲಕರಣೆ ಪೆಟ್ಟಿಗೆಯಲ್ಲಿ ಒಂದು ಪೊಟ್ಟಣ ಉಪ್ಪು ಕಂಡೆ. ಬರೆಯಲಿಲ್ಲ, ನೋಟುಬುಕ್ ಅವರದಲ್ಲವಲ್ಲ.

ಕಷಾಯ ಕೆಲಸ ಮಾಡಿತು. ಅಕ್ಕ ಗಂಟೆಗೊಮ್ಮೆ ಬಚ್ಚಲಿಗೆ ಓಡತೊಡಗಿದಳು. ಬಂದವಳೇ ಹೂಜಿ ಎತ್ತಿ ಗಟಗಟ ನೀರು ಕುಡಿಯುವಳು.

"ಉಪ್ಪು ತಿಂದವರು ನೀರು ಕುಡೀಲೇಬೇಕು ಅಂತಾರೆ" ಎಂದರು ಅಪ್ಪ. "ಇವಳು ಉಪ್ಪೂ ತಿನ್ದೆ ಕೊಡಗಟ್ಟಲೆ ಕುಡೀತಾಳಲ್ಲ!"

"ಕೊಳೆ ಹೋಗ್ತಿದೆ" ಎಂದರು ಅತ್ತೆ ಹೆಮ್ಮೆಯಿಂದ.

ಪಥ್ಯದ ಹನ್ನೊಂದನೆಯ ದಿನ ಅಕ್ಕನ ಹೊಲಿಗೆ ಅಲುಗಿದ್ದನ್ನು ಕಂಡೆ. ಅವಳ ಹೊಲಿಗೆಯನ್ನು ನಾನು ಅಕ್ಷರ ಓದುವಂತೆ ಓದಬಲ್ಲೆ. ಏರುವಾಗ ಅದು ಒತ್ತೊತ್ತಾಗುತ್ತದೆ, ಇಳಿಯುವಾಗ ಅಗಲವಾಗುತ್ತದೆ. ಇದು ಎರಡೂ ಅಲ್ಲ. ಅಂತರ ಸರಿಯಾಗಿಯೇ ಇದೆ, ಆದರೆ ಗೆರೆ ನೀರಿನ ಮೇಲೆ ಬರೆದಂತೆ ಅಲೆಯಾಡಿದೆ. ಮಾರನೇ ದಿನ ಅಕ್ಕ ಸೂಜಿಗೆ ದಾರ ಪೋಣಿಸಲು ಏಳು ಸಲ ಪ್ರಯತ್ನಿಸಿದಳು. ಎಂಟನೆಯ ಸಲ ಸೂಜಿ ಕೆಳಗಿಟ್ಟು, ಬೆಳಕು ಸರಿ ಇಲ್ಲ ಎಂದು ಕಿಟಕಿಯನ್ನು ಬೈದಳು. ಕಿಟಕಿ ಪಾಪ, ಯಾವಾಗಿನ ಹಾಗೇ ಇತ್ತು.

ಮರುದಿನದಿಂದ ನಾನು ಬೇಗ ಎದ್ದು ಹನ್ನೆರಡು ಸೂಜಿ ಸಿದ್ಧ ಮಾಡಿಡತೊಡಗಿದೆ. ನೋಟುಬುಕ್ಕಿನಲ್ಲಿ 'ನಿದ್ದೆ ಸರಿ, ಊಟ ಸರಿ, ಮಾತು ಸರಿ' ಎಂದು ಬರೆದೆ. ಅದರಲ್ಲಿ ಸುಳ್ಳಿರಲಿಲ್ಲ. ಕೈಗೆ ಅಂತ ಅದರಲ್ಲಿ ಕಾಲಂ ಇರಲಿಲ್ಲ, ಅಷ್ಟೇ.

ಭೇಟಿಯ ಹಿಂದಿನ ಸಂಜೆ ಅಕ್ಕನ ಕೈಯಲ್ಲಿದ್ದ ಲೋಟ ತುಳುಕಿ ಅವಳ ಮಡಿಲು ಒದ್ದೆಯಾಯಿತು. ನಾನು ಬಟ್ಟೆ ತಂದುಕೊಟ್ಟೆ. ಅವಳು ಒರೆಸಿಕೊಳ್ಳುತ್ತ, ತಲೆ ಎತ್ತದೆ, "ಬರೀಬೇಡ ಕಣೇ" ಎಂದಳು. ಕ್ಯಾಮೆರಾ ಎನ್ನಲಿಲ್ಲ. "ಹತ್ತು ದಿನ. ಹೋಗಿ ಬಂದ್ಮೇಲೆ ಏನು ಬೇಕಾದ್ರೂ ಬರ್ಕೊ."

ಹೂಂ ಎಂದೆ. ಹೂಂ ಎಂದವಳಿಗೆ ಕಣ್ಣು ಮುಚ್ಚಿದರೆ ಅಲೆಯಾಡಿದ ಹೊಲಿಗೆಯೇ ಕಾಣುತ್ತಿತ್ತು.

ಡಾಕ್ಟರಮ್ಮನ ಕೋಣೆ ಚಿಕ್ಕದು. ಒಂದು ಮೇಜು, ತೂಕ ನೋಡುವ ಯಂತ್ರ, ಎಂದೂ ಬಾಡದ ಪ್ಲಾಸ್ಟಿಕ್ ಗಿಡ, ರೋಗಿಗೆಂದು ಒಂದು ಹರಿದ ರೆಕ್ಸಿನ್ ಕುರ್ಚಿ, ಜೊತೆ ಬಂದವರಿಗೆ ಒಂದು ಬೆಂಚು. ಅಕ್ಕ ಪ್ರತಿ ಸಲದಂತೆ ಕೂರುವ ಮೊದಲು ಕುರ್ಚಿಯ ಗಾಯಕ್ಕೆ ಬೆರಳು ಹಾಕಿದಳು.

"ಡಾಕ್ಟರಮ್ಮ, ನಾಲ್ಕು ವರ್ಷದಿಂದ ನೀವು ನನ್ನ ರಿಪೇರಿ ಮಾಡ್ತಿದೀರಿ. ಒಂದು ಸಲ ಈ ಕುರ್ಚೀನ ನನಗೆ ಕೊಡಬಾರ್ದಾ?"

"ಮೊದಲು ನೀನು ಪೂರ್ತಿ ಹುಷಾರಾಗು, ಆಮೇಲೆ ಕುರ್ಚಿ" ಎಂದು ನಗುತ್ತ ಡಾಕ್ಟರಮ್ಮ ನೋಟುಬುಕ್ ಬಿಡಿಸಿದರು. ಮಖಮಲ್ಲಿನ ಹೊದಿಕೆ ಸವರಿ, "ಭಾರೀ ಮರ್ಯಾದೆ ಸಿಕ್ಕಿದೆ ಇದಕ್ಕೆ" ಎಂದರು. ಹಾಳೆ ತಿರುವಿದರು. ಅಕ್ಕ ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿ ಕೂತಿದ್ದಳು, ಚಳಿಯಾದ ಮಗುವಿನ ಹಾಗೆ. ಹೊರಗೆ ಮೈ ಸುಡುವ ಬಿಸಿಲು.

"ನಿದ್ದೆ ಚೆನ್ನಾಗಿದೆ. ಮಾತ್ರೆ ಒಂದೂ ತಪ್ಪಿಲ್ಲ. ಮುಂದಿನ ವಾರ ರಕ್ತ ಪರೀಕ್ಷೆಗೆ ಬರಬೇಕಿತ್ತು, ಅದನ್ನ ಹೋಗಿ ಬಂದ್ಮೇಲೆ ಮಾಡೋಣ" ಎಂದು ಡಾಕ್ಟರಮ್ಮ ಪೆನ್ನಿನ ಮುಚ್ಚಳ ತೆಗೆದರು. "ಹೋಗಿ ಬಾರಮ್ಮ. ಯಾರಿಗಾದ್ರೂ ಏನಾದ್ರೂ ಕೇಳೋದಿದೆಯಾ?"

ಅಪ್ಪ ಇಲ್ಲ ಎಂದು ತಲೆಯಾಡಿಸಿದರು. ಅತ್ತೆಯ ಜಪಸರ ಓಡುತ್ತಿತ್ತು. ನಾನು ಎದ್ದು ನಿಂತೆ. ಕೂತುಕೊಂಡೇ ಹೇಳಬಹುದಿತ್ತು, ಆದರೆ ಉತ್ತರ ಹೇಳುವಾಗ ನಿಲ್ಲಬೇಕೆಂದೇ ನನಗೆ ಗೊತ್ತಿದ್ದದ್ದು.

"ಅವಳಿಗೆ ಒಂದು ಸೂಜಿಗೆ ದಾರ ಪೋಣಿಸೋಕೆ ಹೇಳಿ" ಎಂದೆ.

ಅಕ್ಕ ತಿರುಗಿ ನೋಡಿದ ನೋಟಕ್ಕೆ ಹೆಸರಿಡಲು ನನಗೆ ಬರುವುದಿಲ್ಲ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

"ಕೈ ಮುಂದೆ ಚಾಚಮ್ಮ. ಬೆರಳು ಅಗಲಿಸು."

ಅಕ್ಕ ಚಾಚಿದಳು. ಡಾಕ್ಟರಮ್ಮ ಒಂದು ಹಾಳೆಯನ್ನು ಅವಳ ಬೆರಳುಗಳ ಮೇಲಿಟ್ಟರು. ಹಾಳೆ ಗಾಳಿಗೆ ಸಿಕ್ಕ ಎಲೆಯಂತೆ ಅದುರಿತು. ಆಮೇಲೆ ಅವರು ಅಕ್ಕನನ್ನು ಗೆರೆಯ ಮೇಲೆ ನಡೆಸಿದರು. ನೀರಡಿಕೆ ಎಷ್ಟು, ಹೊಟ್ಟೆ ಕೆಟ್ಟಿದೆಯೇ, ತಲೆ ಸುತ್ತಿದೆಯೇ ಎಂದು ಕೇಳಿದರು. ನಗು ಹೋಗಿತ್ತು.

"ಹೊಸದಾಗಿ ಏನು ತಗೊಳ್ತಿದೀಯ?"

"ಏನಿಲ್ಲ" ಎಂದಳು ಅಕ್ಕ.

"ಏನಿಲ್ಲ ಅಂತೀಯಾ!" ಅತ್ತೆಗೆ ತಡೆಯಲಾಗಲಿಲ್ಲ. ಇಪ್ಪತ್ತು ದಿನದ ದುಡಿಮೆಯನ್ನು ಏನಿಲ್ಲ ಎಂದರೆ ಯಾರಿಗೆ ತಾನೇ ಸಹಿಸಲಾದೀತು? ಬೇರು ಎಷ್ಟು, ಬೀಜ ಎಷ್ಟು, ಎಷ್ಟು ಹೊತ್ತು ಕುದಿ, ನಾಲ್ಕು ಲೋಟ, ಉಪ್ಪು ಪೂರ್ತಿ ಬಂದ್, ಎಲ್ಲವನ್ನೂ ಬೆರಳು ಮಡಿಸಿ ಮಡಿಸಿ ಹೇಳಿದರು. "ಮೈಯಿಂದ ನೀರು ಹೇಗೆ ಹೋಗ್ತಿದೆ ಗೊತ್ತಾ ಡಾಕ್ಟರಮ್ಮ, ನಲ್ಲಿ ಬಿಟ್ಟ ಹಾಗೆ!"

ಡಾಕ್ಟರಮ್ಮ ಕಣ್ಣು ಮುಚ್ಚಿ ತೆರೆದರು. ಬೈಯಲಿಲ್ಲ. ಅತ್ತೆಯ ಹತ್ತಿರ ಬೆಂಚಿನ ಮೇಲೆ ಬಂದು ಕೂತರು.

"ಅಮ್ಮಾ, ಇವಳು ತಿನ್ನೋ ಮಾತ್ರೆ ಇದೆಯಲ್ಲ, ಲಿಥಿಯಂ, ಅದೂ ಒಂದು ಥರ ಉಪ್ಪೇ. ನೀವು ಊಟದ ಉಪ್ಪು ನಿಲ್ಲಿಸಿದ್ರಿ, ಕಷಾಯ ಕೊಟ್ಟು ನೀರೆಲ್ಲ ಹೊರಗೆ ಕಳಿಸಿದ್ರಿ. ಮೈಗೆ ಉಪ್ಪು ಸಾಲ್ದೆ ಹೋದಾಗ ಅದು ಈ ಉಪ್ಪನ್ನೇ ಬಿಗಿಯಾಗಿ ಹಿಡ್ಕೊಳ್ಳುತ್ತೆ. ಮಾತ್ರೆ ಅಷ್ಟೇ, ಆದರೆ ರಕ್ತದಲ್ಲಿ ಅದು ಏರ್ತಾ ಹೋಗುತ್ತೆ. ಹೀಗೇ ಹತ್ತು ದಿನ ದೂರದ ಊರಲ್ಲಿದ್ದಿದ್ರೆ ಜೀವಕ್ಕೇ ಅಪಾಯ ಇತ್ತು."

ಅತ್ತೆಯ ಜಪಸರ ನಿಂತಿತು. "ನಾನು... ಬೇರು ತಾನೇ ಅಂತ..." ಎಂದರು.

"ಬೇರಿಗೂ ಬಲ ಇರುತ್ತಮ್ಮಾ. ಇಲ್ದಿದ್ರೆ ನೀವು ಅದನ್ನ ನಂಬ್ತಿದ್ರಾ? ಬಲ ಇರೋದಕ್ಕೇ ನನಗೆ ಮೊದಲು ತೋರಿಸಬೇಕು. ಜಪ ಮಾಡ್ಸಿ, ನಡೆಸಿ, ಹೊತ್ತಿಗೆ ಮಲಗಿಸಿ, ಅದಕ್ಕೆಲ್ಲ ನಾನು ಕೈ ಮುಗೀತೀನಿ. ಲೋಟಕ್ಕೆ ಹಾಕೋದನ್ನ ಮಾತ್ರ ಕೇಳಿ ಹಾಕಿ." ಆಮೇಲೆ ನನ್ನ ಕಡೆ ತಿರುಗಿದರು. "ನೀನು ಯಾವಾಗ ನೋಡ್ದೆ?"

"ಒಂಬತ್ತು... ಹತ್ತು ದಿನ ಆಯ್ತು."

"ಮತ್ತೆ ಇಷ್ಟು ದಿನ?"

ನಾನು ನೆಲ ನೋಡಿದೆ.

ಆಗಲೇ ರಕ್ತ ತೆಗೆದರು. ಸಂಜೆ ಫೋನು ಬಂತು: ಇರಬೇಕಾದದ್ದಕ್ಕಿಂತ ಹೆಚ್ಚಿದೆ, ತೀರ ಮಿತಿ ಮೀರಿಲ್ಲ, ಸಮಯಕ್ಕೆ ಬಂದಿರಿ. ಎರಡು ದಿನ ಮಾತ್ರೆ ನಿಲ್ಲಿಸಿ, ಮತ್ತೆ ಪರೀಕ್ಷೆ ಮಾಡಿ, ಅವರೇ ಹೇಳಿದ ಅಳತೆಯಲ್ಲಿ ಮತ್ತೆ ಶುರು. ಪ್ರಯಾಣ ಸದ್ಯಕ್ಕಿಲ್ಲ.

ಅಕ್ಕ ಮ್ಯಾನೇಜರಿಗೆ ತಾನೇ ಫೋನು ಮಾಡಿದಳು. "ಮೈ ಸರಿಯಿಲ್ಲ ಸಾರ್" ಎಂದಳು. ಯಾವ ಕಾಯಿಲೆ ಎಂದು ಅವರು ಕೇಳಿರಬೇಕು. ಅಕ್ಕ, "ಉಪ್ಪು ಕಮ್ಮಿ ಆಗಿತ್ತು ಸಾರ್" ಎಂದಳು. ಯೋಚಿಸಿ ಹೇಳುತ್ತೇನೆ ಎಂದು ಅವರು ಫೋನ್ ಇಟ್ಟರಂತೆ.

ಆಮೇಲೆ ಅಕ್ಕ ನನ್ನ ಜೊತೆ ಮಾತು ಬಿಟ್ಟಳು. ಎದುರು ಹೋದರೆ ಮೊಳೆ ಬಾಯಿಗೆ. ಒಂದು ದಿನ ಕೈಯಲ್ಲಿ ಕೆಲಸವೇ ಇರಲಿಲ್ಲ, ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ನನ್ನನ್ನು ಕಂಡು ಜೇಬಿನಿಂದ ನಾಲ್ಕು ಮೊಳೆ ತೆಗೆದು ಬಾಯಿಗೆ ಹಾಕಿಕೊಂಡಳು.

"ಊಟದ ಹೊತ್ತಿಗಾದ್ರೂ ಉಗೀತೀಯೇನಮ್ಮಾ?" ಎಂದರು ಅಪ್ಪ.

ಅತ್ತೆಯ ಪಶ್ಚಾತ್ತಾಪ ಇನ್ನೊಂದು ರೀತಿ ಹರಿಯಿತು. ಉಪ್ಪಿನ ಡಬ್ಬಿ ಮೇಲಿನ ಕಪಾಟಿನಿಂದ ಇಳಿದು ಊಟದ ಮೇಜಿನ ನಡುವೆ ಬಂದು ಕೂತಿತು. ಮೊದಲ ದಿನದ ತರಕಾರಿ ಸಮುದ್ರದಿಂದ ಎತ್ತಿ ತಂದಂತಿತ್ತು. ಅಪ್ಪ ಒಂದು ತುತ್ತು ತಿಂದು ಮೂರು ಲೋಟ ನೀರು ಕುಡಿದು, "ಅಕ್ಕಯ್ಯ, ಇಪ್ಪತ್ತು ದಿನದ ಬಾಕೀನ ಒಂದೇ ದಿನ ತೀರಿಸಬೇಡ" ಎಂದರು. ಡಾಕ್ಟರಮ್ಮ ಎಲ್ಲರೂ ತಿನ್ನುವಷ್ಟೇ, ದಿನವೂ ಒಂದೇ ಹದದಲ್ಲಿ ಎಂದು ಹೇಳಿದ್ದನ್ನು ಅಪ್ಪನೇ ಒಂದು ಚೀಟಿಯಲ್ಲಿ ಬರೆದು ಡಬ್ಬಿಗೆ ಅಂಟಿಸಿದರು. ಮಂದಿರದ ಆ ಹೆಂಗಸು ಮತ್ತೆ ಸಿಕ್ಕಾಗ ಅತ್ತೆ, "ನೀವು ಮೊದಲು ನಿಮ್ಮ ಮನೇಲಿ ಕುಡಿಸಿ ನೋಡಿ ತಾಯಿ" ಎಂದು ಹೇಳಿ ಬಂದರಂತೆ. ಜಪ ಮಾತ್ರ ಬಿಡಲಿಲ್ಲ. ಒಂದು ಸುತ್ತು ಹೆಚ್ಚೇ ಆಯಿತು.

ಆ ದಿನಗಳಲ್ಲಿ ನಾನು ಸೂಜಿ ಪೋಣಿಸುವುದನ್ನು ಬಿಟ್ಟೆ. ಸೂಜಿ, ದಾರ, ಮೇಣದ ಉಂಡೆ ಮೂರನ್ನೂ ಕುಶನ್ನಿನ ಮೇಲೆ ಇಟ್ಟು ಹೊರಟುಬಿಡುತ್ತಿದ್ದೆ. ಬೆಳಗಿನ ಹೊತ್ತು ಖಾಲಿಯಾಯಿತು. ಕತ್ತರಿಸಿ ಬಿಸಾಡಿದ ಬಟ್ಟೆಯ ತುಂಡುಗಳನ್ನು ಆರಿಸಿಕೊಂಡು ಅಪ್ಪನ ಕೆಲಸದ ಮೇಜಿನ ಕೆಳಗೆ ಕೂತು ನಾನು ಹೊಲಿಯುತ್ತೇನೆ. ಇವತ್ತು ನಿನ್ನೆಯದಲ್ಲ, ನಾಲ್ಕು ವರ್ಷದಿಂದ. ಅಕ್ಕನ ಹೊಲಿಗೆ ನೋಡಿ ನೋಡಿ ಅದು ನನ್ನ ಬೆರಳಿಗೆ ಇಳಿದಿತ್ತು. ಯಾರಿಗೂ ತೋರಿಸಿರಲಿಲ್ಲ. ಯಾರೂ ಕೇಳಿರಲಿಲ್ಲ.

ಹದಿನೈದನೆಯ ದಿನ ರಕ್ತದ ವರದಿ ಸರಿಯಾಗಿ ಬಂತು. ಅದೇ ದಿನ ಮ್ಯಾನೇಜರು ಫೋನು ಮಾಡಿ, ಬೇರೆ ಇಬ್ಬರ ಹೊಲಿಗೆ ನೋಡಿದೆ, ಮನಸ್ಸಿಗೆ ಬರಲಿಲ್ಲ, ಮುಂದಿನ ತಿಂಗಳು ಒಂದನೇ ತಾರೀಖಿಗೆ ಬಂದರೆ ಸಾಕು ಎಂದರು. ಡಾಕ್ಟರಮ್ಮ ಹೂಂ ಎಂದರು, ಹೋಗುವ ಮುಂಚೆ ಇನ್ನೊಂದು ರಕ್ತ ಪರೀಕ್ಷೆ ಎಂಬ ಷರತ್ತಿನ ಮೇಲೆ. ಅದರ ಜೊತೆಗೇ ಒಬ್ಬ ಕೂಲಿಯಾಳಿನ ತಲೆಯ ಮೇಲೆ ಅವರ ಹರಿದ ರೆಕ್ಸಿನ್ ಕುರ್ಚಿಯೂ ನಮ್ಮ ಅಂಗಡಿಗೆ ಬಂದಿಳಿಯಿತು.

ಅಕ್ಕ ಕುರ್ಚಿಯನ್ನು ಸುತ್ತಿ ಬಂದು, ನಾಲ್ಕು ವರ್ಷದ ಹಳೇ ಶತ್ರು ಸಿಕ್ಕಂತೆ ಅದರ ಹೊಟ್ಟೆ ಸೀಳಿದಳು. ಒಳಗಿಂದ ಮೂರು ಪೆನ್ನಿನ ಮುಚ್ಚಳ, ಒಂದು ಬಾಚಣಿಗೆ, ಯಾರದೋ ಬಸ್ ಟಿಕೆಟ್ಟು ಸಿಕ್ಕವು. ಆಮೇಲೆ ಕಿಟಕಿಯ ಹತ್ತಿರ ಹೋಗಿ ಸೂಜಿ ತೆಗೆದುಕೊಂಡಳು. ದಾರ ಕಚ್ಚಿದಳು. ನಾನು ಹತ್ತಿ ಬಿಡಿಸುತ್ತ ಕೂತಿದ್ದೆ; ತಲೆ ಎತ್ತಬಾರದೆಂದು ಎಷ್ಟು ಅಂದುಕೊಂಡರೂ ಕಣ್ಣು ಕೇಳಲಿಲ್ಲ. ಮೊದಲ ಸಲಕ್ಕೇ ದಾರ ಕಣ್ಣಿನೊಳಗೆ ಹೋಯಿತು.

"ಏ ಕ್ಯಾಮೆರಾ" ಎಂದಳು. ಹದಿನೈದು ದಿನದ ನಂತರದ ಮೊದಲ ಮಾತು. "ಬರ್ಕೊಂಡ್ಯಾ?"

"ಹೂಂ" ಎಂದೆ.

"ನನ್ನ ಕೈ ನಡುಗ್ತಿದೆ ಅಂತ ನಾನೇ ಹೇಳಬೇಕಿತ್ತು ಕಣೇ. ನನ್ನ ಕೈ ಅದು." ಸ್ವಲ್ಪ ಹೊತ್ತು ದಾರಕ್ಕೆ ಮೇಣ ಉಜ್ಜಿದಳು. "ನಾನು ಹೇಳಲಿಲ್ಲ. ನೀನು ಹೇಳಿದೆ. ಅದಕ್ಕೇ ಇನ್ನೂ ಕೋಪ ಇದೆ. ಪೂರ್ತಿ ಹೋಗಿಲ್ಲ, ಅದನ್ನೂ ಬರ್ಕೊ."

"ಸರಿ."

"ಯಾವ ಕಾಲಮ್ಮಲ್ಲಿ ಬರೀತೀಯಾ?"

ಇಬ್ಬರಿಗೂ ನಗು ಬಂತು. ಅವಳ ನಗು ಬೇಗ ನಿಂತಿತು. ಅದು ಏರುವ ಗುರುತೋ, ಇಳಿಯುವ ಗುರುತೋ ಎಂದು ನಾನು ನೋಡಲಿಲ್ಲ. ನೋಡದೆ ಇರುವುದು ಎಷ್ಟು ಕಷ್ಟವೆಂದು ಅಂದೇ ಗೊತ್ತಾದದ್ದು.

ಮಧ್ಯಾಹ್ನದ ಹೊತ್ತಿಗೆ ಪಟ್ಟಿ ಬಿಗಿದು, ಸ್ಪ್ರಿಂಗ್ ಕಟ್ಟಿ, ಹತ್ತಿ ಹಾಸಿದಳು. ಬೂದು ಬಣ್ಣದ ದಪ್ಪ ಬಟ್ಟೆ ಎಳೆದು ಅದರ ಮೂಲೆ ಹಿಡಿಯಲು ನನ್ನನ್ನು ಕಣ್ಸನ್ನೆಯಲ್ಲೇ ಕರೆದಳು. ಹಿಡಿಯಷ್ಟು ಮೊಳೆ ಬಾಯಿಗೆ ಹಾಕಿಕೊಂಡಳು. ಈ ಸಲ ನಿಜವಾಗಿ ಕೆಲಸಕ್ಕೆ. ಟಕ್ ಟಕ್ ಎಂದು ಸುತ್ತಿಗೆ ಬೀಳತೊಡಗಿತು. ಒಳಗೆ ಅತ್ತೆಯ ಜಪ, ಹೊರಗೆ ಅಪ್ಪನ ಗರಗಸ.

ನಾನು ಜೇಬಿನಿಂದ ನನ್ನ ಹೊಲಿಗೆಯ ಒಂದು ತುಂಡು ತೆಗೆದೆ. ಅಂಗೈಯಗಲದ್ದು, ಬೂದು ಬಟ್ಟೆ, ಅಂಚಿಗೆ ಕೈಹೊಲಿಗೆ. ಕುರ್ಚಿಯ ಮೇಲೆ, ಅವಳ ಕಣ್ಣಿಗೆ ಬೀಳುವಲ್ಲಿ ಇಟ್ಟೆ. ಸುತ್ತಿಗೆ ನಿಂತಿತು. ಅಕ್ಕ ಅದನ್ನು ಎತ್ತಿ ಬೆಳಕಿಗೆ ಹಿಡಿದಳು, ತಿರುಗಿಸಿದಳು, ಹೊಲಿಗೆಯ ಮೇಲೆ ಬೆರಳು ಆಡಿಸಿದಳು, ಆ ಮ್ಯಾನೇಜರು ಅವಳ ಹೊಲಿಗೆಯ ಮೇಲೆ ಆಡಿಸಿದ ಹಾಗೆಯೇ. ಆಮೇಲೆ ಅದನ್ನು ತನ್ನ ಜೇಬಿಗೆ ಹಾಕಿಕೊಂಡು ಮತ್ತೆ ಸುತ್ತಿಗೆ ಎತ್ತಿದಳು. ಕೆನ್ನೆಯೊಳಗೆ ಮೊಳೆಗಳು ಕಟಕಟ ಎಂದವು.

"ಅಕ್ಕಾ, ಒಂದನೇ ತಾರೀಖು ನನ್ನನ್ನೂ ಕರ್ಕೊಂಡು ಹೋಗು" ಎಂದೆ. "ನಿನ್ನ ಕಾಯೋಕಲ್ಲ. ಹೊಲಿಯೋಕೆ."